ಕುದುರೆ ನೋಡಲು ಒಬ್ಬ ಆಳು

ಕಳೆದ ದೀಪಾವಳಿಗೆ ಎಂಟು ದಿನ ಮೊದಲು ಇಳಕಲ್ಲಿನಿಂದ ಪರಿಚಯದವರೊಬ್ಬರು ನಮ್ಮ ಮನೆಗೆ ಬಂದಿದ್ದರು. ಅವರದು ನೇಕಾರಿಕೆಯ ಮನೆತನ. ಮಗನ ಹಟಕ್ಕೆ ಸೋತು ಒಂದು ಕುದುರೆ ಕೊಂಡಿದ್ದರು. ನಾನು ನಿವೃತ್ತನಾದ ಪಶುವೈದ್ಯ. ಇಂಥವರು ಬಂದರೆ ಕುದುರೆಗೆ ಏನೋ ಆಗಿದೆ ಎಂದೇ ತಿಳಿಯುವುದು ನನಗೆ ರೂಢಿ. ಅವರು ಹೇಳಿದ್ದು ಬೇರೆ.

“ಡಾಕ್ಟರ್ರ, ಕುದುರಿಗೆ ಏನೂ ಆಗಿಲ್ರಿ, ಚಲೋ ಐತಿ. ಹಬ್ಬಕ್ಕ ಮಗಳ ಊರಿಗೆ ನಾಕ ದಿನ ಹೋಗಬೇಕಾಗೇತಿ. ಇದನ್ನ ಯಾರ ಕೈಯಾಗ ಕೊಟ್ಟು ಹೋಗ್ಲಿ?”

“ಕೊಳ್ಳುವಾಗ ಯಾರೂ ಇರಲಿಲ್ಲವೇ?” ಎಂದೆ.

“ಕೊಳ್ಳೂ ಮುಂದ ಹತ್ತ ಮಂದಿ ಇದ್ರು. ಹಲ್ಲು ನೋಡಾವ್ರು, ಸುಳಿ ನೋಡಾವ್ರು, ರೇಟು ಹೇಳಾವ್ರು. ಈಗ ಲದ್ದಿ ತಗಿಯಾಕ ಒಬ್ಬಾಂವನೂ ಇಲ್ರಿ.”

ನಕ್ಕುಬಿಡಬಹುದಾದ ಮಾತು. ಆದರೆ ನನಗೆ ನಗು ಬರಲಿಲ್ಲ. ಅದೇಕೆಂದು ಮುಂದೆ ಹೇಳುತ್ತೇನೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್, ಈ ನಾಲ್ಕೂ ಊರುಗಳಲ್ಲಿ ನಾನು ಸರಕಾರಿ ಕೆಲಸ ಮಾಡಿದ್ದೇನೆ. ಟಾಂಗಾ ಹೊಡೆಯುವವರು, ಮದುವೆಯ ಮೆರವಣಿಗೆಗೆ ಕುದುರೆ ಕೊಡುವವರು, ಜಾತ್ರೆಯ ಗಾಡಿ ಶರ್ಯತ್ತಿಗೆಂದು ಸಾಕಿದವರು, ಬರಿಯ ಹವ್ಯಾಸಕ್ಕೆ ಕಟ್ಟಿದವರು, ಎಲ್ಲರೂ ಒಂದಿಲ್ಲೊಂದು ದಿನ ಇದೇ ಪ್ರಶ್ನೆ ಕೇಳಿದ್ದಾರೆ. ತಿಂಗಳ ಪಗಾರ ಕೊಟ್ಟು ಆಳು ಇಡುವ ಶಕ್ತಿ ಎಲ್ಲರಿಗೂ ಇಲ್ಲ. ಅಷ್ಟು ಕೆಲಸವೂ ಒಂದು ಕುದುರೆಯ ಮನೆಯಲ್ಲಿ ಇರುವುದಿಲ್ಲ. ಬೇಕಾದವನು ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ಬಂದು ಕೆಲಸ ಮುಗಿಸಿ ಕೂಲಿ ತೆಗೆದುಕೊಂಡು ಹೋಗುವವನು. ಅವನನ್ನು ಎಲ್ಲಿ ಹುಡುಕಬೇಕು, ಹೇಗೆ ಆರಿಸಬೇಕು, ಏನು ಹೇಳಿ ಒಪ್ಪಿಸಬೇಕು ಎಂಬುದೇ ಇಂದಿನ ಮಾತು. ನಿಮ್ಮ ಮನೆಯಲ್ಲಿ ಕುದುರೆ ಇಲ್ಲದಿರಬಹುದು. ಆದರೆ ಒಂದು ಎಮ್ಮೆಯನ್ನೋ ಆಕಳನ್ನೋ ಪರರ ಕೈಗೆ ಒಪ್ಪಿಸಿ ಊರಿಗೆ ಹೋದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಈ ಮಾತು ನಿಮಗೂ ಸಲ್ಲುತ್ತದೆ.

ಕುದುರೆಯನ್ನು ಒಂದು ದಿನದ ಮಟ್ಟಿಗೂ ಹಾಗೆಯೇ ಬಿಟ್ಟು ಹೋಗಲು ಬರುವುದಿಲ್ಲವೇಕೆ? ಎತ್ತಿನ ಮುಂದೆ ಒಂದು ಹೊರೆ ಕಣಿಕೆ ಒಗೆದು ಹೋದರೆ ಅದು ತಿಂದು ಮಲಗಿ ಮೆಲುಕು ಹಾಕುತ್ತದೆ. ಅದರ ದೊಡ್ಡ ಹೊಟ್ಟೆಯಲ್ಲಿ 100 ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಕುದುರೆ ಮೆಲುಕು ಹಾಕುವ ಪ್ರಾಣಿಯಲ್ಲ. ಮೈ ಎಷ್ಟೇ ದೊಡ್ಡದಿದ್ದರೂ ಅದರ ಜಠರ ಹಿಡಿಯುವುದು 10-15 ಲೀಟರು ಮಾತ್ರ. ಬಯಲಿನಲ್ಲಿ ಬಿಟ್ಟರೆ ಅದು ದಿನದ ಬಹುಭಾಗ ಸ್ವಲ್ಪ ಸ್ವಲ್ಪವೇ ಮೇಯುತ್ತಿರುತ್ತದೆ. ಇನ್ನೊಂದು ಮುಖ್ಯ ಸಂಗತಿಯುಂಟು: ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಅಳತೆ ಮೀರಿ ತಿಂದದ್ದು ಹಿಂದಕ್ಕೆ ಬರುವ ದಾರಿಯಿಲ್ಲ. ಒಳಗೇ ಹುದುಗಿ ಉಬ್ಬಿದರೆ ಜಠರ ಒಡೆಯುವ ತನಕ ಹೋಗಬಹುದು. ಆದ್ದರಿಂದ ಕುದುರೆಯ ವಿಷಯದಲ್ಲಿ ಹಸಿವೆಗೆ ಬಿಡುವುದು ಹೇಗೆ ತಪ್ಪೋ, ಪ್ರೀತಿಯಿಂದ ಹೆಚ್ಚು ಹಾಕುವುದೂ ಹಾಗೆಯೇ ತಪ್ಪು.

ಇದನ್ನು ನಾನು ಕಾಲೇಜಿನಲ್ಲಿ ಓದಿ ತಿಳಿದುಕೊಳ್ಳುವ ಮೊದಲೇ ಮನೆಯಲ್ಲಿ ಕಂಡಿದ್ದೆ.

ನಮ್ಮ ತಂದೆ ಬಾದಾಮಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಬಾದಾಮಿಯ ಸ್ಟೇಶನ್ನು ಊರಿಗೆ ಐದು ಕಿಲೋಮೀಟರು ದೂರ. ಗದಗ-ಸೊಲ್ಲಾಪುರದ ಮೀಟರ್ ಗೇಜ್ ಗಾಡಿ ಬಂದು ನಿಂತರೆ ಗುಹೆ ನೋಡಲು ಬಂದವರು, ಬನಶಂಕರಿಗೆ ಹರಕೆ ಹೊತ್ತವರು, ಮಹಾಕೂಟಕ್ಕೆ ಹೋಗುವವರು ಎಲ್ಲರೂ ಟಾಂಗಾ ಹತ್ತುತ್ತಿದ್ದರು. ನಮ್ಮದು ಕೆಂಪು ಮೈಯ, ಹಣೆಯಲ್ಲಿ ಬಿಳಿ ಚುಕ್ಕೆಯ ಹೆಣ್ಣುಕುದುರೆ. ಕೆಂಪಿ ಎಂದು ಕರೆಯುತ್ತಿದ್ದೆವು. ಮನೆಯ ಐದು ಹೊಟ್ಟೆಗಳು ಅದರ ನಾಲ್ಕು ಕಾಲಿನ ಮೇಲೆ ನಿಂತಿದ್ದವು.

1964ರ ಬೇಸಗೆಯಲ್ಲಿ ಹುನಗುಂದದಲ್ಲಿ ಸೋದರತ್ತೆಯ ಮಗಳ ಮದುವೆ. ಮೂರು ದಿನ ಹೋಗಲೇಬೇಕಾಗಿತ್ತು. ನಮ್ಮ ಓಣಿಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನಿದ್ದ. ತಂದೆಯಿಲ್ಲದವನು. ಕೆಂಪಿಯ ಬೆನ್ನು ತಿಕ್ಕಲು ಯಾರೂ ಹೇಳದೆ ಬರುತ್ತಿದ್ದ. ನಮ್ಮ ತಂದೆ ಅವನ ಕೈಗೆ ಎಂಟಾಣೆ ಕೊಟ್ಟು, “ದಾಣಿ ಹಾಕು, ನೀರು ಕುಡಿಸು, ಬಿಸಿಲಿಗೆ ಕಟ್ಟಬ್ಯಾಡ” ಎಂದು ಹೇಳಿದರು. ಅಷ್ಟೇ. ನಾವು ಬಸ್ಸು ಹತ್ತಿದೆವು.

ಹುಡುಗ ಮೈಗಳ್ಳನಲ್ಲ. ರಾತ್ರಿ ಕುದುರೆಯ ಬಳಿಯೇ ಮಲಗಿದ. ಅವನನ್ನು ಕಂಡಾಗಲೆಲ್ಲ ಕೆಂಪಿ ಕೆನೆಯುತ್ತಿತ್ತು. ಹಸಿವೆಯಾಗಿದೆ ಎಂದು ಅವನು ತಿಳಿದ. ಹುರಳಿಯ ಚೀಲ ಅಲ್ಲಿಯೇ ಇತ್ತು. ನಾವು ನೆನೆಹಾಕಿ, ಬೇಯಿಸಿ, ಅಳೆದು ಹಾಕುತ್ತಿದ್ದ ಹುರಳಿಯನ್ನು ಅವನು ಒಣಗಿದ್ದನ್ನೇ ಬುಟ್ಟಿ ತುಂಬ ಸುರಿದ. ಅದು ತಿಂದಿತು. ಮತ್ತೆ ಕೆನೆಯಿತು, ಮತ್ತೆ ಸುರಿದ. ಆಮೇಲೆ ಎರಡು ಕೊಡ ನೀರು ಕುಡಿಸಿದ. ನಸುಕಿನಲ್ಲಿ ಕೆಂಪಿ ನೆಲ ಕೆರೆಯುತ್ತ, ತಿರುಗಿ ತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳತೊಡಗಿತು. ಆಮೇಲೆ ಬಿದ್ದು ಹೊರಳಾಡಿತು. ಬಸ್ಸಿನ ಕ್ಲೀನರನ ಮೂಲಕ ಸುದ್ದಿ ಬಂದು ನಾವು ಊರು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಹುಡುಗ ಎಲ್ಲಿಯೋ ಅಡಗಿದ್ದ. ಸಂಜೆ ಅವನ ತಾಯಿ ಬಂದಳು. ಸೆರಗಿನಲ್ಲಿ ಕಟ್ಟಿ ತಂದ ಎರಡು ಬೆಳ್ಳಿಯ ಕಡಗಗಳನ್ನು ನಮ್ಮ ತಂದೆಯ ಮುಂದೆ ಇಟ್ಟಳು. ತಂದೆ ಅವನ್ನು ಮುಟ್ಟಲಿಲ್ಲ. “ತಂಗೀ, ಇವನ್ನ ತೊಗೊಂಡ ಹೋಗು. ಹುಡುಗ ಅದಕ್ಕ ಹೊಟ್ಟಿತುಂಬ ಹಾಕ್ಯಾನ. ಎಷ್ಟು ಹಾಕಬೇಕಂತ ನಾ ಹೇಳಿರಲಿಲ್ಲ. ತಪ್ಪು ನಂದು” ಎಂದರು.

ಆಮೇಲೆ ಹದಿನಾಲ್ಕು ತಿಂಗಳು ನಮ್ಮ ತಂದೆ ಅದೇ ಸ್ಟೇಶನ್ನಿನಲ್ಲಿ ಪರರ ಟಾಂಗಾಗಳಿಗೆ ಗಂಟುಮೂಟೆ ಏರಿಸುವ ಕೂಲಿ ಮಾಡಿದರು.

ಈ ಕಥೆಯನ್ನು ಕರುಣೆ ಹುಟ್ಟಿಸಲು ಹೇಳಲಿಲ್ಲ. ಇದರಲ್ಲಿ ಒಂದು ಪಾಠವಿದೆ. ಕುದುರೆಯನ್ನು ಬಲ್ಲವರು ಇಲ್ಲದೆ ಬರಿಯ ಕುದುರೆ ಬೆಲೆ ಬಾಳುವುದಿಲ್ಲ. ನಮ್ಮ ಹಿಂದಿನವರಿಗೆ ಇದು ತಿಳಿದಿತ್ತು. ಕನ್ನಡ ಶಾಸನಗಳಲ್ಲಿ ‘ಸಾಹಣಿ’ ಎಂಬ ಹೆಸರು ಬರುತ್ತದೆ. ಅರಸನ ಕುದುರೆಗಳ ಮೇಲ್ವಿಚಾರಕನಿಗೆ ಆ ಹೆಸರು, ಗೌರವದ ಹುದ್ದೆ. ಹುನಗುಂದದ ಸೀಮೆಯ ಐಹೊಳೆಯ ಹೆಸರು ಹೊತ್ತ ಐನೂರ್ವರು ಎಂಬ ವರ್ತಕರ ಸಂಘ ಆನೆ ಕುದುರೆಗಳ ವ್ಯಾಪಾರವನ್ನೂ ಮಾಡುತ್ತಿತ್ತು. ದಕ್ಷಿಣದ ಅರಸರು ಕಡಲಾಚೆಯ ಕುದುರೆಗಳಿಗೆ ಸುರಿದ ಹಣಕ್ಕೆ ಲೆಕ್ಕವಿಲ್ಲ. ಆದರೆ 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ವೆನಿಸ್ಸಿನ ಪ್ರವಾಸಿ ಮಾರ್ಕೊ ಪೋಲೋ ಒಂದು ಸಂಗತಿ ಬರೆದಿಟ್ಟಿದ್ದಾನೆ. ಅಲ್ಲಿಯ ಅರಸರು ವರ್ಷಕ್ಕೆ ಸಾವಿರಾರು ಕುದುರೆ ಕೊಳ್ಳುತ್ತಾರೆ, ವರ್ಷ ಕಳೆಯುವುದರೊಳಗೆ ನೂರು ಸಹ ಉಳಿಯುವುದಿಲ್ಲ, ಏಕೆಂದರೆ ನೋಡಿಕೊಳ್ಳಲು ಬಲ್ಲವರಿಲ್ಲ ಎಂದು. ಲಾಳ ಕಟ್ಟಿ ಔಷಧಿ ಮಾಡುವವರನ್ನು ಕುದುರೆ ಮಾರುವ ವರ್ತಕರು ತಮ್ಮ ಜೊತೆಗೆ ಕರೆತರುತ್ತಿರಲಿಲ್ಲವಂತೆ. ಬೇರೆಯವರು ಬರುವುದಕ್ಕೂ ಬಿಡುತ್ತಿರಲಿಲ್ಲವಂತೆ. ಕುದುರೆ ಸತ್ತರೆ ತಾನೆ ಹೊಸದನ್ನು ಮಾರುವುದು! ಅಂಕಿಗಳಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಇರಬಹುದು. ಆದರೆ ಇಳಕಲ್ಲಿನ ನಮ್ಮ ಪರಿಚಯದವರ ಗತಿಯೂ ಅದೇ ಆಗಿತ್ತಲ್ಲವೇ? ಕುದುರೆ ಮಾರುವವರು ಹತ್ತು ಜನ ಬಂದರು, ನೋಡಿಕೊಳ್ಳುವವನೊಬ್ಬನೂ ಬರಲಿಲ್ಲ.

ಹಾಗಾದರೆ ಅಂಥವನನ್ನು ಎಲ್ಲಿ ಹುಡುಕಬೇಕು? ಮೊದಲು ಲಾಳ ಕಟ್ಟುವ ನಾಲಬಂದನನ್ನು ಕೇಳಿ. ಸುತ್ತಲಿನ ಊರುಗಳಲ್ಲಿ ಯಾರ ಮನೆಯ ಕುದುರೆಯ ಗೊರಸು ಸ್ವಚ್ಛವಾಗಿದೆ, ಯಾರ ಮನೆಯದು ಕೊಳೆತಿದೆ ಎಂಬುದು ಅವನಿಗೆ ಗೊತ್ತು. ಅವನು ಹೇಳುವ ಹೆಸರು ಸುಳ್ಳಾಗುವುದು ಕಡಿಮೆ. ಎರಡನೆಯದಾಗಿ ಹಳೆಯ ಟಾಂಗಾದ ಮನೆತನಗಳು. ಆಟೋರಿಕ್ಷಾ ಬಂದ ಮೇಲೆ ಟಾಂಗಾಗಳು ಕಡಿಮೆಯಾದವು, ಆದರೆ ಕೈಯ ವಿದ್ಯೆ ಅಷ್ಟು ಬೇಗ ಹೋಗುವುದಿಲ್ಲ. ಬಾದಾಮಿಯಲ್ಲಿ ಇಂಥವರನ್ನು ಹುಡುಕುವುದು ಸುಲಭ. ಬಾಗಲಕೋಟೆಯಲ್ಲಿ ಸ್ವಲ್ಪ ಕಷ್ಟ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಓಣಿಗಳು ಹೋದವು, ಜನ ನವನಗರಕ್ಕೂ ಬೇರೆಡೆಗೂ ಚದುರಿದರು. ಓಣಿ ಹೋದರೂ ಮನುಷ್ಯರಿದ್ದಾರೆ, ಒಬ್ಬರ ಮೂಲಕ ಒಬ್ಬರನ್ನು ಕೇಳಬೇಕು. ಹುನಗುಂದ, ಇಳಕಲ್ಲುಗಳಿಗೆ ಆಗ ರೈಲು ಇರಲಿಲ್ಲವಾದ್ದರಿಂದ ಸ್ಟೇಶನ್ನಿನ ಟಾಂಗಾ ಅಡ್ಡೆಯೂ ಇರಲಿಲ್ಲ. ಅಲ್ಲಿ ಮೆರವಣಿಗೆಗೆ ಕುದುರೆ ಕೊಡುವವರನ್ನು ಕೇಳಬೇಕು. ಪುಷ್ಯ ಮಾಸದಲ್ಲಿ ಬನಶಂಕರಿಯ ಜಾತ್ರೆಗೆ ಹೇಗೂ ಹೋಗುತ್ತೀರಿ. ನಾಟಕ ನೋಡುವುದರ ಜೊತೆಗೆ ದನಗಳ ಜಾತ್ರೆಯಲ್ಲಿ ಒಂದು ಸುತ್ತು ಹಾಕಿ ನಾಲ್ಕು ಜನರೊಡನೆ ಮಾತಾಡಿ. ಊರಿನ ಪಶುಚಿಕಿತ್ಸಾಲಯದಲ್ಲಿಯೂ ವಿಚಾರಿಸಿ.

ಹುಡುಕುವ ಕಾಲ ಯಾವುದು? ಊರಿಗೆ ಹೊರಡುವ ಹಿಂದಿನ ದಿನವಲ್ಲ. ಆಳು ಬೇಡವಾಗಿರುವಾಗಲೇ ಆಳನ್ನು ಹುಡುಕಬೇಕು. ಅವಸರದಲ್ಲಿ ಸಿಕ್ಕವನು ನಿಮಗೆ ಸಿಕ್ಕವನೇ ಹೊರತು ನೀವು ಆರಿಸಿದವನಲ್ಲ.

ಮನುಷ್ಯ ಬಂದಾಗ ಮೊದಲು ಕೂಲಿಯ ಮಾತು ಎತ್ತಬೇಡಿ. ಚಹ ಕೊಡಿ, ಆಮೇಲೆ ಕುದುರೆಯ ಹತ್ತಿರ ಬಿಡಿ, ನೀವು ಸುಮ್ಮನೆ ನಿಂತು ನೋಡಿ. ಬಲ್ಲವನು ಹಿಂದಿನಿಂದ ಹೋಗುವುದಿಲ್ಲ. ದೂರದಿಂದಲೇ ದನಿ ಕೊಡುತ್ತಾನೆ, ಎಡಭುಜದ ಕಡೆಯಿಂದ ಹತ್ತಿರ ಸರಿಯುತ್ತಾನೆ, ಮೊದಲು ಕುತ್ತಿಗೆಯ ಮೇಲೆ ಕೈ ಇಡುತ್ತಾನೆ. ಮುಖ ನೋಡಿದ ಮೇಲೆ ಕಾಲು ನೋಡುತ್ತಾನೆ. ನೀರಿನ ತೊಟ್ಟಿಯಲ್ಲಿ ಕೈ ಅದ್ದುತ್ತಾನೆ. ಗೋದಲಿಯ ಮೇವನ್ನು ಮೂಸಿ ನೋಡುತ್ತಾನೆ. ನಿನ್ನೆಯ ಲದ್ದಿ ಹೇಗಿತ್ತು ಎಂದು ಕೇಳುತ್ತಾನೆ. ಲದ್ದಿಯ ವಿಷಯ ಕೇಳಿದವನನ್ನು ಬಿಡಬೇಡಿ. “ನನಗ ಎಲ್ಲಾ ಗೊತ್ತೈತ್ರಿ” ಎಂದವನಿಗಿಂತ, “ಈ ಕುದುರಿಗೆ ಏನು ರೂಢಿ ಐತಿ ಹೇಳ್ರಿ” ಎಂದವನು ಮೇಲು. ಆಮೇಲೆ ನೀವು ಊರಲ್ಲಿರುವಾಗಲೇ ನಾಲ್ಕು ದಿನ ಕೂಲಿ ಕೊಟ್ಟು ಕೆಲಸ ಮಾಡಿಸಿ. ಆ ನಾಲ್ಕು ದಿನದ ಕೂಲಿ ದಂಡವಲ್ಲ.

ಇನ್ನು ಒಪ್ಪಿಸುವ ರೀತಿ. ‘ದಾಣಿ ಹಾಕು, ನೀರು ಕುಡಿಸು’ ಎಂಬುದು ಅಪ್ಪಣೆಯಾಯಿತು, ತಿಳಿಸಿ ಹೇಳಿದಂತಾಗಲಿಲ್ಲ. ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಲಾಯದ ಗೋಡೆಗೆ ತೂಗುಹಾಕಿ. ಓದಲು ಬಾರದವನಿಗೆ ಎರಡು ಸಲ ಹೇಳಿ, ಅವನ ಬಾಯಿಂದ ಒಂದು ಸಲ ಹೇಳಿಸಿ. ದಾಣಿಗೆ ಒಂದು ಡಬ್ಬಿಯ ಅಳತೆ ಮಾಡಿ, ಎಲ್ಲಿಯವರೆಗೆ ತುಂಬಬೇಕೋ ಅಲ್ಲಿಗೆ ಗೆರೆ ಹಾಕಿ. ‘ಎರಡು ಹಿಡಿ’ ಎಂದರೆ ಯಾರ ಹಿಡಿ? ಹುರಳಿ, ಕಡಲೆಯ ಚೀಲವಿರುವ ಕೋಣೆಗೆ ಚಿಲಕವಿರಲಿ. ಕುದುರೆ ತಾನೇ ಬಿಚ್ಚಿಕೊಂಡು ಹೋಗಿ ತಿಂದ ಪ್ರಸಂಗಗಳನ್ನೂ ನಾನು ಕಂಡಿದ್ದೇನೆ.

ಹೊಟ್ಟೆ ತುಂಬಬೇಕಾದದ್ದು ಮೇವಿನಿಂದ, ದಾಣಿಯಿಂದ ಅಲ್ಲ. ಸುಮಾರು 300 ಕಿಲೋ ತೂಗುವ ಕುದುರೆಗೆ ದಿನಕ್ಕೆ ಐದಾರು ಕಿಲೋ ಒಣಮೇವು ಬೇಕು. ಅದನ್ನು ಮೂರು ನಾಲ್ಕು ಸಲ ಹಂಚಿ ಹಾಕಬೇಕು. ಕುದುರೆ ಮಸಾಲೆ ಹುಲ್ಲು ಒಳ್ಳೆಯದೇ, ಆದರೆ ರೂಢಿಯಿಲ್ಲದೆ ಒಮ್ಮೆಲೇ ಹೊರೆಗಟ್ಟಲೆ ಹಾಕಬಾರದು. ಬೂಸು ಹಿಡಿದ ಶೇಂಗಾ ಹೊಟ್ಟು ಬೇಡ. ಮಳೆಯಿಲ್ಲದೆ ಮುರುಟಿದ ಎಳೆಯ ಜೋಳದ ಪೈರಿನಲ್ಲಿ ವಿಷವಿರುತ್ತದೆ ಎಂಬುದು ನಮ್ಮ ರೈತರೆಲ್ಲರಿಗೂ ಗೊತ್ತು. ಕೂಲಿಗೆ ಬಂದವನಿಗೂ ಗೊತ್ತಿದೆಯೇ ಎಂದು ಕೇಳಿಕೊಳ್ಳಿ. ನೀರು ದಿನಕ್ಕೆ 20ರಿಂದ 40 ಲೀಟರು, ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ದುಡಿದ ದಿನ ಅದಕ್ಕೂ ಹೆಚ್ಚು. ಓಡಿ ಬಂದ ಕೂಡಲೇ ದಾಣಿ ಬೇಡ. ಸ್ವಲ್ಪ ಅಡ್ಡಾಡಿಸಿ, ಮೈ ಆರಿದ ಮೇಲೆ ಹಾಕಬೇಕು. ಎರಡು ಹೊತ್ತೂ ನಾಲ್ಕು ಗೊರಸು ಎತ್ತಿ ಒಳಗಿನ ಕಲ್ಲು, ಕೆಸರು ತೆಗೆಯಬೇಕು. ಮೈ ತಿಕ್ಕುವುದು ಅಂದಕ್ಕಾಗಿ ಮಾತ್ರವಲ್ಲ. ತಿಕ್ಕುವ ಕೈಗೆ ಬಾವು, ಗಾಯ, ಜೀನು ಉಜ್ಜಿದ ಜಾಗ ಮೊದಲು ತಿಳಿಯುತ್ತದೆ.

ರಟ್ಟಿನ ಕೊನೆಯಲ್ಲಿ ಕೆಂಪು ಮಸಿಯಲ್ಲಿ ಬರೆಯಿರಿ: ಕುದುರೆ ಮೇವು ಬಿಟ್ಟರೆ, ನೆಲ ಕೆರೆದರೆ, ಪಕ್ಕೆ ತಿರುಗಿ ನೋಡಿದರೆ, ಸುಮ್ಮನೆ ಬೆವರಿದರೆ, ಹೊರಳಿದರೆ, ಲದ್ದಿ ಹಾಕದಿದ್ದರೆ ಮುಂದಿನ ಮೇವು ತೆಗೆದುಬಿಡು, ಡಾಕ್ಟರರನ್ನು ಕರೆ. ಅದರ ಕೆಳಗೆ ನಿಮ್ಮ ಫೋನಿನ ಸಂಖ್ಯೆ, ಪಶುಚಿಕಿತ್ಸಾಲಯದ ಸಂಖ್ಯೆ, ಸಂಚಾರಿ ಪಶುವೈದ್ಯ ವಾಹನದ 1962 ಇರಲಿ. ಡಾಕ್ಟರರನ್ನು ಕರೆಯಲು ನಿಮ್ಮ ಅಪ್ಪಣೆಗೆ ಕಾಯಬೇಕಾಗಿಲ್ಲ, ಖರ್ಚು ನಿಮ್ಮದು ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಧಣಿ ಬೈದಾರೆಂಬ ಹೆದರಿಕೆಯಿಂದ ತಡಮಾಡಿ ಸತ್ತ ಕುದುರೆಗಳು, ರೋಗದಿಂದ ಸತ್ತವುಗಳಿಗಿಂತ ಕಡಿಮೆಯೇನಲ್ಲ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಈಗ ಕೂಲಿಯ ಮಾತು. ಹೊತ್ತಿಗೆ ಇಷ್ಟು ಎಂದು ಮಾತಾಡಿ, ಆ ದಿನದ್ದು ಆ ದಿನ ಕೊಡಿ. ಹಬ್ಬದ ದಿನ ಅವನೂ ಮನೆ ಬಿಟ್ಟು ಬರುತ್ತಾನೆ. ಆ ದಿನಕ್ಕೆ ಹೆಚ್ಚು ಕೊಡುವುದು ನ್ಯಾಯ. ಮುಂಗಡ ಕೊಟ್ಟು ಕಟ್ಟಿಹಾಕುವ ಹಳೆಯ ಚಾಳಿ ಬೇಡ. ಜೀತಪದ್ಧತಿಯನ್ನು 1976ರ ಕಾನೂನು ರದ್ದುಮಾಡಿದೆ. ಹದಿನಾಲ್ಕು ವರ್ಷ ತುಂಬದ ಹುಡುಗರನ್ನು ಯಾವ ಕೆಲಸಕ್ಕೂ ಕೂಲಿಗೆ ಇಡಕೂಡದೆಂದು 2016ರ ತಿದ್ದುಪಡಿ ಹೇಳುತ್ತದೆ. ಕುದುರೆ ಒದ್ದು ಅವನಿಗೆ ಪೆಟ್ಟಾದರೆ ಔಷಧಿಯ ಖರ್ಚು ಯಾರದು ಎಂಬುದನ್ನೂ ಮೊದಲೇ ಮಾತಾಡಿ. ನಿಮ್ಮದೇ ಆಗಬೇಕೆಂಬುದು ನನ್ನ ಅಭಿಪ್ರಾಯ.

ಒಬ್ಬರಿಂದ ಆಗದ್ದು ಮೂವರಿಂದ ಆಗುತ್ತದೆ. ಒಂದೇ ಊರಿನಲ್ಲಿ ಮೂರು ನಾಲ್ಕು ಮನೆಗಳಲ್ಲಿ ಕುದುರೆಗಳಿದ್ದರೆ ಎಲ್ಲರೂ ಕೂಡಿ ಒಬ್ಬನನ್ನು ಗೊತ್ತುಮಾಡಿಕೊಳ್ಳಿ. ಅವನಿಗೂ ದಿನದ ಅನ್ನ ಹುಟ್ಟುತ್ತದೆ, ನಿಮಗೂ ಭಾರವಾಗುವುದಿಲ್ಲ. ಇದು ಹೊಸದೇನೂ ಅಲ್ಲ. ಊರ ದನಗಳನ್ನೆಲ್ಲ ಒಬ್ಬನೇ ಹೊಡೆದುಕೊಂಡು ಹೋಗಿ ಕಾಯುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಪರರ ತುರುಗಳನ್ನು ಕಾಯುವುದನ್ನೇ ಕಾಯಕ ಮಾಡಿಕೊಂಡಿದ್ದ ತುರುಗಾಹಿ ರಾಮಣ್ಣ ಶರಣರ ಸಾಲಿನಲ್ಲಿ ಕುಳಿತವನು. ಕೂಡಲಸಂಗಮ ಇರುವುದು ಈ ಹುನಗುಂದದ ಸೀಮೆಯಲ್ಲಿಯೇ. ಇಂಥ ನೆಲದಲ್ಲಿ ಪ್ರಾಣಿ ನೋಡಿಕೊಳ್ಳುವವನ ಕೆಲಸವನ್ನು ಕೀಳೆಂದು ಎಣಿಸುವುದು ನಮಗೆ ಒಪ್ಪುವುದಿಲ್ಲ. ‘ಏ, ಬಾರೋ’ ಎಂದು ಕರೆಸಿಕೊಂಡವನ ಕೈಯಲ್ಲಿ ಕುದುರೆಯೂ ಅದೇ ಮಾತು ಕೇಳಬೇಕಾಗುತ್ತದೆ.

ಎಲ್ಲ ಒಪ್ಪಿಸಿ ಹೋದ ಮೇಲೂ ಹೊಣೆ ನಿಮ್ಮದೇ ಎಂಬುದು ನೆನಪಿರಲಿ. ಪ್ರಾಣಿಗಳ ಮೇಲೆ ಕ್ರೌರ್ಯ ತಡೆಯುವ 1960ರ ಕಾನೂನಿನ ಪ್ರಕಾರ, ಮೇವು ನೀರು ಕೊಡದಿದ್ದುದಕ್ಕೆ ಮಾಲಕನು ಉತ್ತರ ಹೇಳಬೇಕು. ತಕ್ಕ ಎಚ್ಚರಿಕೆ, ಮೇಲ್ವಿಚಾರಣೆ ಮಾಡದಿದ್ದರೆ ಅದೂ ಅವನ ತಪ್ಪೇ. 1965ರ ನಿಯಮಗಳಂತೆ ಗಾಡಿ ಎಳೆಯುವ ಪ್ರಾಣಿಯಿಂದ ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು. ನೀವು ಇಲ್ಲದಾಗ ಕುದುರೆಯನ್ನು ಯಾರಾದರೂ ಬಾಡಿಗೆಗೆ ಕೇಳಿದರೆ ಕೊಡಕೂಡದೆಂದು ಆಳಿಗೂ ಮನೆಯವರಿಗೂ ಹೇಳಿ ಹೋಗಿ.

ಇಳಕಲ್ಲಿನವರಿಗೆ ಇಷ್ಟನ್ನೂ ಹೇಳಿದೆ. ದೀಪಾವಳಿಗೆ ಎಂಟೇ ದಿನ ಉಳಿದಿತ್ತು. ಅವರಿಗಾಗಿ ನಾನೇ ಒಬ್ಬರಿಗೆ ಫೋನು ಮಾಡಿದೆ. ಅವರು ಯಾರೆಂದು ಹೇಳಿ ಮುಗಿಸುತ್ತೇನೆ.

ಹದಿನಾಲ್ಕು ತಿಂಗಳು ಕೂಲಿ ಮಾಡಿದ ಮೇಲೆ ನಮ್ಮ ತಂದೆ ಸಾಲ ತಂದು ಇನ್ನೊಂದು ಕುದುರೆ ಕೊಂಡರು. ಕೊಂಡ ದಿನವೇ ಆ ಹುಡುಗನ ಮನೆಗೆ ಹೋಗಿ ಅವನನ್ನು ಕರೆದುಕೊಂಡು ಬಂದರು. ಅವನು ಬಾಗಿಲಲ್ಲೇ ನಿಂತು, “ಕಾಕಾ, ನಾ ಒಲ್ಲೆ” ಎಂದು ಅತ್ತ. ತಂದೆ ಅವನ ಕೈಗೆ ಅಳತೆಯ ಡಬ್ಬಿ ಕೊಟ್ಟು, “ಇದರ ಗೆರೀತನಕ ತುಂಬು, ಮ್ಯಾಲ ಒಂದು ಕಾಳು ಬ್ಯಾಡ” ಎಂದರು. ಮೂರು ತಿಂಗಳು ಬೆನ್ನ ಹಿಂದೆ ನಿಂತು ಕಲಿಸಿದರು. ಮುಂದೆ ಅವನು ದೊಡ್ಡವನಾಗಿ ಬಾದಾಮಿಯಲ್ಲಿ ಮನೆ ಮನೆಗೆ ಹೋಗಿ ಎರಡು ಹೊತ್ತು ಕುದುರೆ ನೋಡಿ ಬರುವುದನ್ನೇ ಉದ್ಯೋಗ ಮಾಡಿಕೊಂಡ. ನಾನು ಡಾಕ್ಟರನಾಗಿ ಬಂದ ಮೇಲೆ ಎಷ್ಟೋ ಸಲ ನನಗಿಂತ ಮೊದಲು ರೋಗ ಗುರುತಿಸಿದವರು ಅವರೇ. ಈಗ ಅವರಿಗೆ ಎಪ್ಪತ್ತು ದಾಟಿದೆ. ಮೊಮ್ಮಗನಿಗೆ ಕೆಲಸ ಕಲಿಸಿದ್ದಾರೆ.

ದೀಪಾವಳಿಯ ನಾಲ್ಕು ದಿನ ಆ ಮೊಮ್ಮಗ ಇಳಕಲ್ಲಿನಲ್ಲಿದ್ದ. ಕುದುರೆ ಚೆನ್ನಾಗಿದೆ. ಅವನು ಹೋಗುವಾಗ ಕೈಯಲ್ಲಿ ಒಂದು ಹಳೆಯ ತಗಡಿನ ಡಬ್ಬಿ ಇತ್ತು. ಅದರ ಗೆರೆಯನ್ನು ನಾನು ನೋಡಿದ ಕೂಡಲೇ ಗುರುತಿಸಿದೆ.